ಏಳು ಕಾರಿನ ಗ್ಯಾಸು

ಸೋರುವ ಗ್ಯಾಸನ್ನು ಹುಡುಕುವ ಮಷೀನೊಂದು ನನ್ನ ಹತ್ತಿರ ಇದೆ. ಹಿಡಿಕೆಗೆ ಒಂದು ಗೇಣುದ್ದದ ಬಾಗುವ ಕೊಳವೆ, ಕೊಳವೆಯ ತುದಿಗೆ ಅದರ ಮೂಗು. ಕಾರಿನ ಎಸಿ ಪೈಪಿನ ಗುಂಟ ಆ ಮೂಗನ್ನು ನಿಧಾನವಾಗಿ ಒಯ್ದರೆ ಗ್ಯಾಸು ಸೋರುವ ಜಾಗದಲ್ಲಿ ಮಷೀನು ಕೂಗುತ್ತದೆ. ಉಮರ್ಗಾದ ಹೈವೇ ಮೇಲೆ ನಾನು ಎಸಿ ದುರಸ್ತಿಯ ದುಕಾನು ಹಾಕಿ ಹತ್ತೊಂಬತ್ತು ವರ್ಷವಾಯಿತು. ಅದರಲ್ಲಿ ಹನ್ನೊಂದು ವರ್ಷ ಈ ಮಷೀನಿನ ಮಾತು ಕೇಳಿದ್ದೇನೆ. ಕೂಗಿದರೆ ಸೋರಿಕೆ ಇದೆ, ಕೂಗದಿದ್ದರೆ ಇಲ್ಲ. ಬಂದವರಿಗೆಲ್ಲ ಅದನ್ನೇ ಹೇಳುತ್ತ ಬಂದಿದ್ದೆ.

ಕಳೆದ ಏಪ್ರಿಲಿನಲ್ಲಿ ಒಂದು ಬುಧವಾರ, ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಸಾಸ್ತೂರದ ಗುರಣ್ಣ ತನ್ನ ಕಾರು ತಂದು ನಿಲ್ಲಿಸಿದ. ಹತ್ತು ದಿನದ ಹಿಂದೆ ನಾನೇ ಅದಕ್ಕೆ ಗ್ಯಾಸು ತುಂಬಿದ್ದೆ. ಈಗ ಥಂಡಿ ಬರುತ್ತಿಲ್ಲ ಎಂದ. ಬಾನೆಟ್ ಎತ್ತಿ ಮಷೀನನ್ನು ಪೈಪಿನ ಗುಂಟ ಒಯ್ದೆ. ಎಲ್ಲಿಯೂ ಕೂಗಲಿಲ್ಲ. ಆದರೆ ಕಂಪ್ರೆಸರಿನ ಹತ್ತಿರದ ಒಂದು ಜೋಡಣೆಯಲ್ಲಿ ಎಣ್ಣೆಯ ಜಿಡ್ಡು ಕಂಡಿತು. ಗ್ಯಾಸು ಹೋಗುವಾಗ ಒಳಗಿನ ಎಣ್ಣೆಯನ್ನೂ ಸ್ವಲ್ಪ ಒಯ್ಯುತ್ತದೆ. ಅಲ್ಲಿಗೆ ಸಾಬೂನು ನೀರು ಸವರಿದೆ. ಸಾಸಿವೆ ಕಾಳಿನಂಥ ಗುಳ್ಳೆಗಳು ಒಂದರ ಮೇಲೊಂದು ಎದ್ದವು.

ಮಷೀನಿನ ಮೂಗನ್ನು ಆ ಗುಳ್ಳೆಗಳ ಪಕ್ಕದಲ್ಲೇ ಹಿಡಿದೆ. ಸುಮ್ಮನಿತ್ತು.

“ಸೂರ್ಯಕಾಂತಣ್ಣಾ, ನಿನ್ನ ಮಷೀನಿಗಿ ನೆಗಡಿ ಬಂದದೇನು?” ಎಂದ ಗುರಣ್ಣ.

ಸೆಲ್ ಬದಲಿಸಿದೆ. ಆದರೂ ಸುಮ್ಮನಿತ್ತು. ಮೂಲೆಯಲ್ಲಿ ಹಳೆಯ ಸಿಲಿಂಡರೊಂದು ಬಿದ್ದಿತ್ತು. ಅದರ ತಳದಲ್ಲಿ ಮೊದಲಿನ ಗ್ಯಾಸು ತುಸು ಉಳಿದಿತ್ತು. ಅದರ ಬಾಯಿ ಒಂದು ಕ್ಷಣ ಸಡಿಲಿಸಿ ಮಷೀನು ಹಿಡಿದೆ. ಚಹಾ ಕುಡಿಯುತ್ತಿದ್ದವರು ಹೊರಳಿ ನೋಡುವಷ್ಟು ಜೋರಾಗಿ ಕೂಗಿತು. ಹೊಸ ಸಿಲಿಂಡರಿಗೆ ಹಿಡಿದೆ. ಸುಮ್ಮನಾಯಿತು. ಹಳೆಯದಕ್ಕೆ ಹಿಡಿದೆ, ಕೂಗಿತು. ಹೊಸದಕ್ಕೆ, ಇಲ್ಲ.

ಅಂದರೆ ಮಷೀನು ಸರಿ ಇತ್ತು. ಎಸಿಯ ಗ್ಯಾಸನ್ನು ಮಾತ್ರ ಅದು ಗುರುತಿಸುತ್ತದೆ. ಹೊಸ ಸಿಲಿಂಡರಿನಲ್ಲಿ ಇದ್ದದ್ದು ಎಸಿಯ ಗ್ಯಾಸೇ ಅಲ್ಲ.

ಆ ಸಿಲಿಂಡರು ಉದಗೀರಿನ ಧೂಳಪ್ಪನ ದುಕಾನಿನದು. ಬೇಸಿಗೆಯಲ್ಲಿ ಮಾಲು ಸಿಗದೆ ಒದ್ದಾಡುತ್ತಿದ್ದಾಗ ಮೂರು ವಾರದ ಹಿಂದೆ ತಂದಿದ್ದೆ. “ಹೊಸ ಕಂಪನಿದು ಮಾಮಾ. ಕಡಿಮಿ ಹಿಡಸ್ತದ, ಥಂಡಿ ಹೆಚ್ಚು ಕೊಡ್ತದ” ಎಂದಿದ್ದ. ಅವನ ಮಾತು ನಿಜವೇ ಆಗಿತ್ತು. ಅರ್ಧ ಕಿಲೋ ಬೇಕಾದಲ್ಲಿ ಇನ್ನೂರು ಗ್ರಾಮಿಗೇ ಗೇಜಿನ ಮುಳ್ಳು ಏರುತ್ತಿತ್ತು. ನಾನು ಅದನ್ನು ಮಾಲಿನ ಗುಣ ಅಂದುಕೊಂಡೆ. ಎಸಿಯ ಗ್ಯಾಸಿಗಿಂತ ಇಷ್ಟು ಹಗುರಾದ ಗ್ಯಾಸು ಯಾವುದು ಎಂದು ಒಂದು ಸಲವಾದರೂ ಕೇಳಿಕೊಳ್ಳಬೇಕಿತ್ತು. ಕೆಲಸ ಸಲೀಸಾಗಿ ಆಗುತ್ತಿದ್ದರೆ ಮನುಷ್ಯ ಪ್ರಶ್ನೆ ಕೇಳುವುದಿಲ್ಲ.

ಸಿಲಿಂಡರನ್ನು ದುಕಾನಿನ ಹಿಂದಿನ ಬಯಲಿಗೆ ಹೊತ್ತು ಒಯ್ದೆ. ನುಗ್ಗೆಕಾಯಿ ಕೀಳುವ ಉದ್ದನೆಯ ಗಳಕ್ಕೆ ಹಳೆಯ ಬಟ್ಟೆ ಸುತ್ತಿ ಬೆಂಕಿ ಹಚ್ಚಿದೆ. ಗುರಣ್ಣನನ್ನು ದೂರ ನಿಲ್ಲಿಸಿದೆ. ಸಿಲಿಂಡರಿನ ಬಾಯಿಯನ್ನು ಕೂದಲೆಳೆಯಷ್ಟು ತಿರುವಿ, ಹಿಂದೆ ಸರಿದು, ಗಳ ಚಾಚಿದೆ. ಇದನ್ನು ಯಾರೂ ಮಾಡಬಾರದು. ನಾನೂ ಮಾಡಬಾರದಿತ್ತು.

ಬುಸ್ ಎಂದಿತು. ಮೊಳದುದ್ದದ ಉರಿ, ಬುಡದಲ್ಲಿ ನೀಲಿ, ತುದಿಯಲ್ಲಿ ಹಳದಿ.

ನನ್ನ ಹೆಂಡತಿ ಕುಸುಮಬಾಯಿ ಹಿಂಬಾಗಿಲಿನಲ್ಲಿ ನಿಂತು ನೋಡುತ್ತಿದ್ದಳು. “ಇದು ನಮ್ಮ ಒಲಿ ಗ್ಯಾಸ ಅಲ್ಲೇನ್ರಿ?” ಎಂದಳು.

ಹೌದು, ಅದೇ. ಒಲೆಯ ಗ್ಯಾಸಿಗೆ ಸೋರಿದರೆ ಗೊತ್ತಾಗಲೆಂದು ಬೇಕೆಂದೇ ವಾಸನೆ ಬೆರೆಸಿರುತ್ತಾರೆ. ಇದರಲ್ಲಿ ಅದೂ ಇರಲಿಲ್ಲ. ನಾನು ಗಳವನ್ನು ಬಕೆಟ್ಟಿನಲ್ಲಿ ಅದ್ದಿ, ಗೋಣಿ ಸುತ್ತಿದ ಕೈಯಿಂದ ಸಿಲಿಂಡರಿನ ಬಾಯಿ ಮುಚ್ಚಿದೆ. ಗುರಣ್ಣ ಅಂಗಿಯ ಕಿಸೆಯಿಂದ ಬೀಡಿಕಟ್ಟು ತೆಗೆದು ನೋಡಿದ. ಹತ್ತು ದಿನ ಆ ಕಾರಿನಲ್ಲೇ ಸೇದಿದ್ದ. ಅದನ್ನು ಕಲ್ಲಿನ ಮೇಲೆ ಇಟ್ಟ.

ಆ ಸಿಲಿಂಡರಿನಿಂದ ಏಳು ಕಾರಿಗೆ ತುಂಬಿದ್ದೆ. ಗುರಣ್ಣನದು ಕಣ್ಣೆದುರಿಗೇ ಇತ್ತು. ಐದು ಮಂದಿಗೆ ಫೋನು ಹಚ್ಚಿದೆ. ಎಸಿ ಬಂದ್ ಮಾಡ್ರಿ, ಕಿಡಕಿ ಕಾಜು ಇಳಿಸ್ರಿ, ಒಳಗ ಕಡ್ಡಿ ಗೀರಬ್ಯಾಡ್ರಿ, ಗಾಡಿ ಬಯಲಾಗ ನಿಂದ್ರಸ್ರಿ. ಒಬ್ಬರು ನಕ್ಕರು, ಇಬ್ಬರು ಬೈದರು. ಐದೂ ಜನ ಕೇಳಿಸಿಕೊಂಡರು.

ಏಳನೆಯದು ಮುಕ್ತಾಬಾಯಿ ಕಾಕುವಿನ ಕಾರು.

ಚಿಕ್ಕಮ್ಮ ಎನ್ನುವ ಹಾಗೆ ಊರೆಲ್ಲ ಕಾಕು ಎನ್ನುವ ಅವರು ನಮ್ಮ ಪೇಟೆಯ ಕಾಳಿನ ವ್ಯಾಪಾರದ ಮನೆತನದವರು. ಎಪ್ಪತ್ತೆರಡು ವರ್ಷ. ಅವರದು ದಿನಕ್ಕೆ ಮೂರು ಹೊತ್ತಿನ ಲಿಂಗಪೂಜೆ. ಊರಲ್ಲಿರಲಿ, ದಾರಿಯಲ್ಲಿರಲಿ, ಮಧ್ಯಾಹ್ನದ ಪೂಜೆ ಆಗದೆ ನೀರು ಮುಟ್ಟುವುದಿಲ್ಲ. ಪ್ರಯಾಣದಲ್ಲಿದ್ದರೆ ಹನ್ನೆರಡರ ಹೊತ್ತಿಗೆ ಯಾವುದಾದರೂ ಮರದ ನೆರಳಿಗೆ ಕಾರು ನಿಲ್ಲಿಸುತ್ತಾರೆ. ಹೊರಗೆ ಗಾಳಿಗೆ ಆರತಿ ನಿಲ್ಲುವುದಿಲ್ಲ, ದೂಳು ಬೇರೆ. ಅದಕ್ಕಾಗಿ ಕಾಜುಗಳನ್ನೆಲ್ಲ ಏರಿಸಿ ಒಳಗೇ ಕೂಡುತ್ತಾರೆ. ಮೊದಲು ಎಸಿ ಹಾಕಿ ಚೆನ್ನಾಗಿ ಥಂಡಿ ಮಾಡಿಸಿ, ಆಮೇಲೆ ಎಂಜಿನ್ ಬಂದ್ ಮಾಡಿಸುತ್ತಾರೆ. ಕಾಲಿನ ಹತ್ತಿರ ಮಣೆ ಇಟ್ಟು, ಅದರ ಮೇಲೆ ತಟ್ಟೆ, ತಟ್ಟೆಯಲ್ಲಿ ಎರಡು ಬತ್ತಿಯ ಆರತಿ. ಇದನ್ನೆಲ್ಲ ಅವರೇ ನನಗೆ ಹೇಳಿದ್ದರು. ಎಸಿ ಯಾಕೆ ಬರಾಬರಿ ಇರಬೇಕೆಂದು ನನಗೆ ತಿಳಿಯಲಿ ಎಂದು.

ಅವರ ಕಾರು ಆ ಮೂರು ವಾರದಲ್ಲಿ ಎರಡು ಸಲ ಬಂದಿತ್ತು. ಎರಡನೆಯ ಸಲ, ಸೋಮವಾರ, ಗ್ಯಾಸು ಅರ್ಧಕ್ಕಿಂತ ಕಡಿಮೆಯಾಗಿತ್ತು. ಬಾನೆಟ್ಟಿನ ಕೆಳಗೆಲ್ಲ ಮಷೀನು ಆಡಿಸಿದೆ. ಕೂಗಲಿಲ್ಲ. ಡ್ಯಾಶ್‌ಬೋರ್ಡಿನ ಒಳಗಿರುವ ಕೂಲಿಂಗ್ ಕಾಯಿಲಿನ ಗಾಳಿಯ ಬಾಯಿಗೂ ಹಿಡಿದೆ. ಅಲ್ಲಿಯೂ ಕೂಗಲಿಲ್ಲ. “ಸೋರಿಕಿ ಇಲ್ಲ ಕಾಕು” ಎಂದು ಹೇಳಿ ಮತ್ತೆ ತುಂಬಿ ಕಳಿಸಿದ್ದೆ.

ಹೊರಗೆ ಎಣ್ಣೆಯ ಜಿಡ್ಡಿಲ್ಲ, ಆದರೂ ಗ್ಯಾಸು ಹೋಗುತ್ತಿದೆ ಎಂದರೆ ತೂತು ಆ ಕಾಯಿಲಿನಲ್ಲೇ. ಅಲ್ಲಿಂದ ಸೋರಿದ್ದು ಹೊರಗೆ ಹೋಗುವುದಿಲ್ಲ. ಜನ ಕೂತಲ್ಲಿಗೇ ಬರುತ್ತದೆ. ಎಂಜಿನ್ ನಿಲ್ಲಿಸಿದಾಗ ಆ ಕಾಯಿಲಿನಲ್ಲಿ ಒತ್ತಡ ಮೂರು ಪಟ್ಟಾಗುತ್ತದೆ, ಸೋರುವುದು ಆಗಲೇ ಹೆಚ್ಚು. ಒಲೆಯ ಗ್ಯಾಸು ಗಾಳಿಗಿಂತ ಭಾರ. ಕಾಲಿನ ಹತ್ತಿರ, ಮಣೆ ಇಟ್ಟಲ್ಲಿ, ಹೋಗಿ ನಿಲ್ಲುತ್ತದೆ.

ಇದೆಲ್ಲ ಒಮ್ಮೆಲೇ ತಲೆಗೆ ಬಂತು. ಕುಸುಮ ನೀರು ಕೊಟ್ಟಳು, ಹಿಡಿದುಕೊಂಡು ನಿಂತೆ.

ಕಾರು ಓಡಿಸುವವನು ಕಾಕುವಿನ ಮಗ ನೀಲೇಶ. ಅವನಿಗೆ ಫೋನು ಮಾಡಿದೆ. ಎತ್ತಿದವಳು ಅವನ ಹೆಂಡತಿ ಸಾರಿಕಾ.

“ಅವ್ರು ಫೋನ್ ಇಲ್ಲೇ ಚಾರ್ಜಿಂಗಿಗಿ ಹಚ್ಚಿ ಮರತು ಹೋಗ್ಯಾರ್ರಿ ಕಾಕಾ. ಅತ್ಯಾರು ಫೋನ್ ಇಟ್ಕೊಳ್ಳಲ್ಲ.”

“ಎಲ್ಲಿಗಿ ಹೋಗ್ಯಾರ?”

“ಉದಗೀರಕ್ಕ. ನಮ್ಮ ಸ್ವಪ್ನಾಲಿ ಮಗಳ ತೊಟ್ಟಲಾ ಅದ ಇವತ್ತ. ಈಗ ಅರ್ಧಾ ತಾಸ ಆಯ್ತು. ನಿಲಂಗಾದಾಗ ಕೂಸಿನ ಅರಬಿ ತಗೊಂಡು ಹೋಗ್ತಾರ. ಯಾಕ್ರಿ, ಧ್ವನಿ ಹೀಂಗ್ಯಾಕ ಬರ್ಲಿಕತ್ತದ?”

ಸ್ವಪ್ನಾಲಿ ಕಾಕುವಿನ ಮಗಳು. ಪೂಜೆಗೆ ಎಲ್ಲಿ ನಿಲ್ಲುತ್ತಾರೆ ಎಂದು ಕೇಳಿದೆ. ವಲಾಂಡಿ ದಾಟಿದ ಮೇಲೆ ರಸ್ತೆಯ ಬಲಕ್ಕೆ ಒಂದು ದೊಡ್ಡ ಬೇವಿನ ಮರ, ಯಾವಾಗಲೂ ಅಲ್ಲೇ ಎಂದಳು. ಅಲ್ಲಿ ನಮ್ಮವರು ಯಾರಾದರೂ ಇದ್ದಾರೆಯೇ ಎಂದೆ, ಇಲ್ಲ ಎಂದಳು. ವಿಷಯ ಹೇಳಿದೆ.

“ನಾ ಉದಗೀರಕ್ಕ ಫೋನ್ ಮಾಡ್ತೀನಿ, ನಿಲಂಗಾದ ದುಕಾನದವ್ರಿಗಿ ಮಾಡ್ತೀನಿ. ನೀವು ಹೊಂಡ್ರಿ” ಎಂದಳು.

ಚೀಲದಲ್ಲಿ ಗೇಜು, ಪೈಪು, ಬೋಲ್ಟು ಬಿಚ್ಚುವ ಪಾನಾ ಹಾಕಿಕೊಂಡು ಮೋಟರ್‌ಸೈಕಲ್ ಹತ್ತಿದೆ. ಕಾಸಾರ ಶಿರಸಿ ದಾಟುವಾಗ ಬಿಸಿಲು ಬೆನ್ನು ಸುಡುತ್ತಿತ್ತು. ನಿಲಂಗಾ ಮುಟ್ಟುವಾಗ ಸಾರಿಕಾಳ ಫೋನು ಬಂತು. ಯಾವಾಗಲೂ ಹೋಗುವ ಬಟ್ಟೆ ದುಕಾನಿಗೆ ಇವತ್ತು ಅವರು ಬಂದೇ ಇಲ್ಲವಂತೆ. ಪೇಟೆಯಲ್ಲಿ ಎರಡು ಓಣಿ ತಿರುಗಿದೆ. ಕಾರು ಕಾಣಲಿಲ್ಲ. ಹನ್ನೊಂದಾಗಿತ್ತು. ಹುಡುಕುತ್ತ ನಿಂತರೆ ಹೊತ್ತು ಹೋಗುತ್ತದೆ ಎಂದು ವಲಾಂಡಿಯ ದಾರಿ ಹಿಡಿದೆ.

ದಾರಿಯಲ್ಲಿ ದೇವರ ನೆನಪು ಬರಲಿಲ್ಲ. ನನ್ನದೇ ಧ್ವನಿ ಕಿವಿಯಲ್ಲಿ ಕೂತಿತ್ತು. ಸೋರಿಕಿ ಇಲ್ಲ ಕಾಕು. ಸೋರಿಕಿ ಇಲ್ಲ.

ಬೇವಿನ ಮರ ಕಂಡಾಗ ಹನ್ನೆರಡಕ್ಕೆ ಹತ್ತು ನಿಮಿಷ ಕಡಿಮೆ. ಬಿಳಿ ಕಾರು ನೆರಳಲ್ಲಿ ನಿಂತಿತ್ತು. ನಾಲ್ಕೂ ಕಾಜು ಮೇಲಿದ್ದವು, ಎಂಜಿನ್ ಬಂದ್ ಆಗಿತ್ತು. ನೀಲೇಶ ಮರದ ಬೊಡ್ಡೆಗೆ ಒರಗಿ ಮುಖದ ಮೇಲೆ ಟಾವೆಲ್ ಹಾಕಿಕೊಂಡು ಮಲಗಿದ್ದ.

ಕಾಜಿನ ಆಚೆ ಕಾಕು ಕಂಡರು. ಹಣೆಗೆ ಮೂರು ಬೆರಳಿನ ವಿಭೂತಿ, ಅಂಗೈಯಲ್ಲಿ ಲಿಂಗ. ಕಣ್ಣು ಮುಚ್ಚಿದ್ದರು. ನಾನು ಮೋಟರ್‌ಸೈಕಲ್ ಬಿಟ್ಟು ಓಡಿದೆ. ಅವರು ಕಣ್ಣು ತೆರೆದು, ಬಲಗೈಯಿಂದ ಕಡ್ಡಿಪೆಟ್ಟಿಗೆ ಎತ್ತಿಕೊಂಡು, ಒಂದು ಕಡ್ಡಿ ತೆಗೆದರು.

ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುತ್ತದೆ, ಅದರಿಂದಲೂ ಕಿಡಿ ಹಾರಬಹುದು ಎಂಬುದು ಆಗ ಹೊಳೆಯಲಿಲ್ಲ. ಬಾಗಿಲು ಎಳೆದೆ. ಅವರ ಮುಂಗೈ ಹಿಡಿದು, ಹಿಡಿದ ಭರದಲ್ಲೇ ಹೊರಗೆ ಎಳೆದುಬಿಟ್ಟೆ. ಕಡ್ಡಿಪೆಟ್ಟಿಗೆ ಎಲ್ಲೋ ಹೋಯಿತು. ತಟ್ಟೆ ಕವುಚಿ ಬಿತ್ತು. ಕಾಕು ನನ್ನ ಎದೆಗೆ ಬಂದು ತಾಗಿದರು. ಅವರ ಎಡಗೈ ತೆರೆದಿತ್ತು, ಖಾಲಿಯಾಗಿತ್ತು.

ಲಿಂಗ ಮಣ್ಣಿನಲ್ಲಿ ಬಿದ್ದಿತ್ತು.

ಲಿಂಗಾಯತರಾದ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಇಷ್ಟು ಹೇಳುತ್ತೇನೆ. ಹುಟ್ಟಿದಾಗ ಕಟ್ಟಿದ ಲಿಂಗ ಸಾಯುವ ತನಕ ಮೈಯಿಂದ ಅಗಲಬಾರದು. ಕೈಜಾರಿ ನೆಲಕ್ಕೆ ಬಿದ್ದಿತೆಂದು ಊಟ ಬಿಟ್ಟು ಜೀವ ಬಿಟ್ಟವರ ಕತೆ ಕೇಳುತ್ತ ಕಾಕುವಿನಂಥವರು ಬೆಳೆದಿದ್ದಾರೆ. ನಾನು ಅವರ ಜೀವ ಉಳಿಸಲು ಬಂದವನು. ಅವರು ನೋಡುತ್ತಿದ್ದದ್ದು ಮಣ್ಣನ್ನು ಮಾತ್ರ.

ಎತ್ತಿಕೊಡಲು ಬಗ್ಗಿದೆ. “ಮುಟ್ಟಬ್ಯಾಡ” ಎಂದರು. ಬಹಳ ಸಣ್ಣ ಧ್ವನಿ. ತಾವೇ ಕೂತು, ಸೆರಗಿನಲ್ಲಿ ಎತ್ತಿಕೊಂಡು, ಮುಷ್ಟಿ ಮುಚ್ಚಿದರು.

ಅಷ್ಟರಲ್ಲಿ ನೀಲೇಶ ಎದ್ದು ಬಂದು ನನ್ನ ಅಂಗಿ ಹಿಡಿದಿದ್ದ. “ಕಾಕಾ, ತಲಿ ಕೆಟ್ಟದೇನು? ನಮ್ಮವ್ವನ ಮೈಮ್ಯಾಲೆ ಕೈ ಮಾಡ್ತಿ?”

“ಗಾಡ್ಯಾಗ ಒಲಿ ಗ್ಯಾಸ ಅದ ನೀಲೇಶ. ನಾನೇ ತುಂಬೀನಿ. ಗೊತ್ತಿಲ್ದ ತುಂಬೀನಿ. ಕಡ್ಡಿ ಗೀರಿದ್ರ ಹತ್ತತಿತ್ತು.”

“ಏಸಿ ಗ್ಯಾಸ ಎಲ್ಲ್ಯಾರ ಹತ್ತತದೇನು? ಥಂಡಿ ಕೊಡೋ ಗ್ಯಾಸ ಅದು. ಸುಳ್ಳಿಗೂ ಒಂದ ಲೆಕ್ಕ ಇರ್ಬೇಕು.”

ಕಾಕು ನಮ್ಮಿಬ್ಬರ ಮುಖ ನೋಡಿದರು. “ತೋರ್ಸು” ಎಂದರು.

ನಾಲ್ಕೂ ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಟ್ಟೆ. ಬೇರೆ ದುಕಾನಿನಲ್ಲಿ ಕೊಂಡ ಕೂಸಿನ ಬಟ್ಟೆ ಇದ್ದ ಪ್ಲಾಸ್ಟಿಕ್ ಚೀಲ ಖಾಲಿ ಮಾಡಿಸಿ, ಬಾನೆಟ್ ಎತ್ತಿ, ಪೈಪು ಜೋಡಿಸಿ, ಆ ಚೀಲದಲ್ಲಿ ಗ್ಯಾಸು ತುಂಬಿ ಬಾಯಿ ಕಟ್ಟಿದೆ. ಮಗುವಿನ ತಲೆದಿಂಬಿನಷ್ಟಾಯಿತು. ಐವತ್ತು ಹೆಜ್ಜೆ ಆಚೆ, ಕಿತ್ತು ಖಾಲಿಯಾದ ತೊಗರಿ ಹೊಲದ ನಡುವೆ ಅದನ್ನು ಇಟ್ಟು, ನಾಲ್ಕು ತೊಗರಿ ಕಟ್ಟಿಗೆ ಒಂದಕ್ಕೊಂದು ಕಟ್ಟಿ ತುದಿಗೆ ಬೆಂಕಿ ಹಚ್ಚಿ ತಾಗಿಸಿದೆ.

ಆಳೆತ್ತರದ ಉರಿ ಎದ್ದು, ಒಂದು ಉಸಿರು ಬಿಡುವುದರೊಳಗೆ ಇಲ್ಲವಾಯಿತು. ನನ್ನ ಹುಬ್ಬಿನ ಕೂದಲು ಸುಟ್ಟ ವಾಸನೆ ಬಂತು. ಚೀಲದ ಗುರುತೂ ಉಳಿಯಲಿಲ್ಲ.

ನೀಲೇಶ ತನ್ನ ಟಾವೆಲನ್ನು ಹಿಂಡುತ್ತ ನಿಂತಿದ್ದ. ಅದರಲ್ಲಿ ನೀರಿರಲಿಲ್ಲ. ಕಾಕು ಕರಕಾದ ನೆಲವನ್ನು ನೋಡಿದರು, ಕಾರನ್ನು ನೋಡಿದರು.

“ನಾ ಅದ್ರಾಗ ಕುಂತಿದ್ನಾ?” ಎಂದರು.

ನಾನು ಮತ್ತೆ ಬಾನೆಟ್ಟಿನ ಕಡೆ ಹೊರಳಿದೆ.

ಕಾರು ಅಲ್ಲೇ ಬಿಡುವುದಾಯಿತು. ಇರುವ ಗ್ಯಾಸನ್ನು ಹೊಲದ ಗಾಳಿಗೆ ಬಿಟ್ಟು, ನೀಲೇಶನನ್ನು ಕಾವಲಿಗೆ ಕೂಡಿಸಿದೆ. ನನ್ನ ಬಾಟಲಿಯ ನೀರು ಕಾಕುವಿನ ಮುಂದೆ ಹಿಡಿದರೆ ತಲೆ ಅಲ್ಲಾಡಿಸಿದರು. ಲಿಂಗ ಬಿದ್ದಿದೆ, ಅಯ್ಯನವರು ಹೇಳದೆ ನೀರಿಲ್ಲ. ಅವರ ಮನೆತನದ ಗುರುಗಳಾದ ಅಯ್ಯನವರು ರಾಚಯ್ಯ, ತೊಟ್ಟಿಲಿಗೆ ಉದಗೀರಿಗೆ ಬಂದಿರುತ್ತಾರೆ. ನಲವತ್ತೆರಡು ಡಿಗ್ರಿ ಬಿಸಿಲು. ಬಸ್ಸಿನ ದಾರಿ ಕಾಯುವ ಹಾಗಿರಲಿಲ್ಲ. ಕಾಕು ಜೀವಮಾನದಲ್ಲಿ ಮೊದಲ ಸಲ ಮೋಟರ್‌ಸೈಕಲ್ ಮೇಲೆ ಕೂತರು. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದು ಮುಷ್ಟಿ ಸೆರಗಿನೊಳಗೆ.

ಅರ್ಧ ದಾರಿ ದಾಟಿದೆವು. ಆಮೇಲೆ ಬೆನ್ನ ಹಿಂದಿನಿಂದ ಕೇಳಿದರು.

“ಸೂರ್ಯಾ, ನಿನಗ ಸಿಲಿಂಡರ್ ಯಾರು ಕೊಟ್ರು?”

“ಉದಗೀರ ಧೂಳಪ್ಪ.”

“ನೀ ಏಳು ಗಾಡಿಗಿ ತುಂಬಿದಿ. ಅಂವಾ ಇಂಥವು ಎಷ್ಟ ಮಾರ್ಯಾನ?”

ಗಾಡಿ ಒಮ್ಮೆ ಅಲ್ಲಾಡಿತು. ಮುಂಜಾನೆಯಿಂದ ನನಗೆ ಏಳು ಬಿಟ್ಟು ಬೇರೆ ಲೆಕ್ಕ ತಲೆಗೆ ಬಂದಿರಲಿಲ್ಲ. ಧೂಳಪ್ಪನ ದುಕಾನಿನಲ್ಲಿ ಆ ಸಿಲಿಂಡರುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದನ್ನು ನಾನು ನೋಡಿದ್ದೆ. ಅವನೂ ಅಲ್ಲೇ ಕಾರುಗಳಿಗೆ ತುಂಬುತ್ತಾನೆ. ಗಾಡಿ ನಿಲ್ಲಿಸಿ ಅವನಿಗೆ ಫೋನು ಮಾಡಿದೆ. “ಅರೆ ಮಾಮಾ, ಇಲ್ಲೀತನಾ ಯಾರದೂ ಏನೂ ಆಗಿಲ್ಲ” ಎಂದು ಇಟ್ಟುಬಿಟ್ಟ.

ಉದಗೀರಿನಲ್ಲಿ ಸ್ವಪ್ನಾಲಿಯ ಗಂಡನ ಮನೆಯ ಮುಂದೆ ಪೆಂಡಾಲು ಹಾಕಿದ್ದರು. ಬೀದಿಯ ಎರಡೂ ಬದಿಗೆ ಕಾರುಗಳಿದ್ದವು. ಸಾರಿಕಾಳ ಫೋನು ಬಂದಿದ್ದರಿಂದ, ನಾನು ಮತ್ತೆ ತಿಳಿಸಲು ಮರೆತಿದ್ದರಿಂದ, ಕಾಕು ಬದುಕಿದ್ದಾರೋ ಇಲ್ಲವೋ ಎಂದು ಕಾಯುತ್ತಿದ್ದವರು ಬಾಗಿಲಿಗೇ ಬಂದರು. ಕಾಕು ಒಳಗೆ ಹೋಗಲಿಲ್ಲ. ಪೆಂಡಾಲಿನ ಕಂಬದ ಹತ್ತಿರ ನಿಂತು ರಾಚಯ್ಯನವರನ್ನು ಕರೆಸಿದರು. ಮುಷ್ಟಿ ತೆರೆದು ತೋರಿಸಿದರು.

“ಬಿದ್ದದ್ರಿ ಅಪ್ಪಾರ. ಮಣ್ಣಾಗ ಬಿದ್ದದ. ಯಾಕ ಬಿತ್ತು ಅಂಬೋದು ಇಂವಾ ಹೇಳ್ತಾನ. ಎಲ್ಲಾರ ಮುಂದ ಹೇಳ್ಲಿ.”

ರಾಚಯ್ಯನವರು ದಪ್ಪ ಶರೀರದ, ನಿಧಾನ ಮಾತಿನ ಮನುಷ್ಯ. ಹೂಂ ಎಂದರು. ನಾನು ಹೇಳಿದೆ. ಸಿಲಿಂಡರು ಎಲ್ಲಿಯದು, ಅದರಲ್ಲಿ ಇದ್ದದ್ದು ಏನು, ಸೋರಿಕೆ ಇಲ್ಲ ಎಂದು ನಾನು ಹೇಗೆ ಹೇಳಿದೆ, ಕಾಜು ಏರಿಸಿದ ಕಾರಿನಲ್ಲಿ ಏನಾಗುತ್ತಿತ್ತು. ಮಾತು ಜೋಡಿಸಲು ಬರಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿದೆ.

ರಾಚಯ್ಯನವರು ಲಿಂಗವನ್ನು ತಂಬಿಗೆಯ ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಕಾಕುವಿನ ಅಂಗೈಯಲ್ಲಿ ಇಟ್ಟರು. “ಬಿದ್ದದ್ದು ಎತ್ಕೊಂಡಿ, ಮುಗೀತು. ಹತ್ತಿದ್ರ ಎತ್ಕೋಳಿಕ್ಕ ಯಾರ ಕೈ ಇರತಿತ್ತು? ನೀರ ಕುಡಿ ಮುಕ್ತಾಬಾಯಿ.”

ಅವರು ತಂಬಿಗೆ ಎತ್ತುವಾಗ ರಾಚಯ್ಯನವರು ನನ್ನ ಕಡೆ ಹೊರಳಿ, “ಧೂಳಪ್ಪ ಅಂದಿ ಅಲ್ಲ?” ಎಂದರು. ನಾನು ಹೌದೆಂದೆ. ಅವರು ಸೊಂಟದಿಂದ ಕಾರಿನ ಕೀಲಿ ತೆಗೆದು ಅದನ್ನೇ ನೋಡುತ್ತ ನಿಂತರು. “ಹೋದ ಐತಾರ ಅಂವನ ಕಡಿನೇ ಗ್ಯಾಸ ತುಂಬ್ಸೀನಿ” ಎಂದರು.

ಊಟಕ್ಕೆ ಕೂತವರಲ್ಲಿ ಒಬ್ಬರು ತುತ್ತು ಎಲೆಯ ಮೇಲೆ ಬಿಟ್ಟು ಎದ್ದರು. ಕೈ ತೊಳೆಯದೆ ಬೀದಿಗೆ ಹೋದರು. ಅವರ ಹಿಂದೆ ಇನ್ನೊಬ್ಬರು. ಆಮೇಲೆ ಆ ಕಡೆಯ ಸಾಲಿನಿಂದ ಇಬ್ಬರು. ಬೀದಿಯಲ್ಲಿ ಕಾರಿನ ಬಾಗಿಲುಗಳು ಒಂದೊಂದಾಗಿ ತೆರೆಯುವ ಸಪ್ಪಳ ಕೇಳಿಸಿತು.

ಸ್ವಪ್ನಾಲಿ ಹಸಿರು ಸೀರೆಯಲ್ಲಿ, ಮುಡಿತುಂಬ ಮಲ್ಲಿಗೆಯಲ್ಲಿ, ತಾಯಿಯ ತೋಳು ಹಿಡಿದು ನಿಂತಿದ್ದಳು. ಅವಳ ಕೈ ಸಡಿಲಾಯಿತು. ಸೆಕೆ ಬಹಳವೆಂದು, ತೊಟ್ಟಿಲ ಮುಹೂರ್ತದ ತನಕ ಕೂಸನ್ನು ಅವಳ ಮಾವನ ಕಾರಿನಲ್ಲಿ ಮಲಗಿಸಿದ್ದರು. ಎಂಜಿನ್ ಚಾಲೂ ಇಟ್ಟು, ಕಾಜು ಏರಿಸಿ, ಎಸಿ ಹಾಕಿ. ಅದೂ ಉದಗೀರಿನದೇ ಕಾರು, ಗ್ಯಾಸು ಯಾರು ತುಂಬಿದ್ದರೋ.

ಅವಳು ಓಡಲಿಲ್ಲ. ಓಡಿದರೆ ಏನೋ ಆಗುತ್ತದೆ ಅನ್ನುವ ಹಾಗೆ ಹೆಜ್ಜೆ ಇಡುತ್ತ ಹೋದಳು. ನಾನು ಅವಳ ಮುಂದೆ ಹೋಗಿ ಕೀಲಿ ತಿರುವಿ ಎಂಜಿನ್ ನಿಲ್ಲಿಸಲೋ ಬೇಡವೋ ತಿಳಿಯದೆ, ಬಾಗಿಲು ಮಾತ್ರ ಮೆಲ್ಲಗೆ ತೆಗೆದೆ. ಒಳಗಿನ ಥಂಡಿ ಮುಖಕ್ಕೆ ಬಂತು. ಸ್ವಪ್ನಾಲಿ ಕೂಸನ್ನು ದುಪ್ಪಟಿ ಸಮೇತ ಎತ್ತಿಕೊಂಡು, ಕಾರುಗಳೆಲ್ಲ ಮುಗಿಯುವ ತನಕ ನಡೆದು, ಬೀದಿಯ ಕೊನೆಗೆ ಬಿಸಿಲಲ್ಲಿ ನಿಂತಳು.

ಕೂಸು ಸೆಕೆಗೆ ಎದ್ದು ಅಳತೊಡಗಿತು. ಯಾರೂ ಅದನ್ನು ಸುಮ್ಮನಿರಿಸಲಿಲ್ಲ.